ಕರಿ ದ್ರವದಿಂದ ಬ್ಯಾಟರಿ

(ಗಿರಣಿ ಕಾರ್ಮಿಕರ ಮತ್ತು ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಗಿಡಮರಗಳಿಂದ ಬ್ಯಾಟರಿ ಮಾಡುತ್ತಾರಂತೆ, ನಿಜವೇ ಎಂದು ನಿಮ್ಮಲ್ಲಿ ಕೆಲವರು ನಮ್ಮನ್ನು ಕೇಳಿದಿರಿ. ನಿಜ. ಆದರೆ ಇಡೀ ಬ್ಯಾಟರಿಯನ್ನಲ್ಲ, ಅದರ ಒಂದು ಧ್ರುವವನ್ನು.

ಲಿಥಿಯಂ ಬ್ಯಾಟರಿಯಲ್ಲಿ ಈ ಧ್ರುವ ಸಾಮಾನ್ಯವಾಗಿ ಗ್ರಾಫೈಟಿನದು. ವಿದ್ಯುತ್ತು ತುಂಬುವಾಗ ಲಿಥಿಯಂ ಕಣಗಳು ಅದರ ಪದರಗಳ ನಡುವೆ ಹೊಕ್ಕು ಕೂರುತ್ತವೆ, ಬಳಸುವಾಗ ಹೊರಡುತ್ತವೆ. ಗ್ರಾಫೈಟನ್ನು ಗಣಿಯಿಂದ ತೆಗೆಯಬೇಕು, ಇಲ್ಲವೇ ಪೆಟ್ರೋಲಿಯಂ ಕೋಕನ್ನು ಸುಮಾರು 3000 ಡಿಗ್ರಿಯಲ್ಲಿ ಕಾಯಿಸಿ ಮಾಡಬೇಕು. ಲೋಕಕ್ಕೆ ಬೇಕಾದುದರ ಬಹುಪಾಲು ಹದಗೊಳ್ಳುವುದು ಚೀನದಲ್ಲಿ. 2023ರ ಡಿಸೆಂಬರಿನಿಂದ ಕೆಲವು ಬಗೆಯ ಗ್ರಾಫೈಟಿನ ರಫ್ತಿಗೆ ಅಲ್ಲಿನ ಸರ್ಕಾರ ಪರವಾನಗಿ ಕಡ್ಡಾಯ ಮಾಡಿತು. ಕೊಳ್ಳುವ ದೇಶಗಳಿಗೆ ಚಿಂತೆ ಹತ್ತಿತು.

ಅದಕ್ಕೂ ಮೊದಲೇ ಬೇರೆ ದಾರಿ ಹುಡುಕಿದ ಒಂದು ಗಿರಣಿಯ ಕಥೆ ಹೇಳುತ್ತೇವೆ. ಫಿನ್ಲೆಂಡಿನ ಕೋಟ್ಕಾ ಎಂಬ ಬಂದರಿನಲ್ಲಿ ಸುನಿಲಾ ಗಿರಣಿ 1938ರಲ್ಲಿ ಶುರುವಾಯಿತು. ಕಾಗದದ ತಿರುಳು ತೆಗೆಯುವುದು ಅದರ ಕಸುಬು. ಗಿರಣಿಯನ್ನೂ ಕೆಲಸಗಾರರ ಮನೆಗಳನ್ನೂ ರೂಪಿಸಿದವನು ಜಗತ್ಪ್ರಸಿದ್ಧ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ. (ಕೂಲಿಗಾರನ ಮನೆಗೆ ಅಂಥವನನ್ನು ಕರೆಸಿದ ಮಾಲೀಕರನ್ನು ನಾವಂತೂ ಈ ಕಡೆ ಕಂಡಿಲ್ಲ.)

ಮರದ ಚೂರುಗಳನ್ನು ಕ್ಷಾರದಲ್ಲಿ ಬೇಯಿಸಿದರೆ ನಾರು ಉಳಿಯುತ್ತದೆ. ನಾರನ್ನು ಬಿಗಿದಿದ್ದ ಅಂಟು ಕರಗಿ ಕರಿ ದ್ರವವಾಗುತ್ತದೆ. ಈ ಅಂಟೇ ಲಿಗ್ನಿನ್. ಮರದ ತೂಕದಲ್ಲಿ ಸುಮಾರು ಕಾಲು ಭಾಗ ಅದೇ. ದಾಂಡೇಲಿಯ ಕಾಗದದ ಗಿರಣಿಯಲ್ಲಿ ದುಡಿದವರಿಗೆ ಕರಿ ದ್ರವ ಹೊಸದಲ್ಲ. ಅದನ್ನು ಬಾಯ್ಲರಿನಲ್ಲಿ ಉರಿಸುತ್ತಾರೆ. ಸುನಿಲಾದಲ್ಲಿ 2015ರಿಂದ ಅದರೊಳಗಿನ ಲಿಗ್ನಿನ್ನನ್ನು ಬೇರ್ಪಡಿಸಿ ಒಣಗಿಸತೊಡಗಿದರು. 2021ರಲ್ಲಿ ಆ ಪುಡಿಯನ್ನು ಗಾಳಿ ತಗುಲದಂತೆ ಕಾಯಿಸಿ ಇಂಗಾಲ ಮಾಡುವ ಪ್ರಾಯೋಗಿಕ ಘಟಕ ಹಾಕಿದರು. ನಮ್ಮ ಇದ್ದಿಲು ಗೂಡಿನ ತತ್ತ್ವವೇ, ಆದರೆ ಬಹಳ ನಾಜೂಕಾಗಿ.

ಈ ಗಟ್ಟಿ ಇಂಗಾಲದ ಪದರಗಳು ಗ್ರಾಫೈಟಿನಂತೆ ಓರಣವಾಗಿಲ್ಲ, ಅಡ್ಡಾದಿಡ್ಡಿಯಾಗಿವೆ. ಅದರಿಂದಲೇ ಲಾಭ. ಗ್ರಾಫೈಟಿನಲ್ಲಿ ಸರಿಯಾಗಿ ಕೂರಲೊಲ್ಲದ ಸೋಡಿಯಂ ಕಣಗಳು ಇದರಲ್ಲಿ ಕೂರುತ್ತವೆ. ಸೋಡಿಯಂ ಎಂದರೆ ಉಪ್ಪಿನಲ್ಲಿರುವ ಧಾತು, ಬರವಿಲ್ಲದ್ದು. ಕೊರತೆಯನ್ನೂ ಹೇಳಬೇಕು: ಇಂಥ ಬ್ಯಾಟರಿ ಅಷ್ಟೇ ವಿದ್ಯುತ್ತಿಗೆ ಹೆಚ್ಚು ತೂಗುತ್ತದೆ. ಒಂದೇ ಕಡೆ ಇಟ್ಟು ಸೂರ್ಯನ ವಿದ್ಯುತ್ತನ್ನು ರಾತ್ರಿಗೆ ಕೂಡಿಡುವುದಾದರೆ ತೂಕದ ಗೊಡವೆ ಅಷ್ಟಿಲ್ಲ. ತೆಂಗಿನ ಚಿಪ್ಪಿನಿಂದಲೂ ಈ ಇಂಗಾಲವಾಗುತ್ತದೆ. ತಿಪಟೂರಿನ ಕಡೆ ವ್ಯಾಪಾರವಿರುವವರು ಇದನ್ನು ಗಮನಿಸಿರಿ. ಗಿರಾಕಿ ಬಂದಾಗ ಚಿಪ್ಪನ್ನಷ್ಟೇ ಒಯ್ಯುವನೋ, ಗೂಡನ್ನೂ ಇಲ್ಲೇ ಹಾಕುವನೋ ಎಂದು ಕೇಳಿರಿ.

ಇನ್ನು ಆ ಗಿರಣಿಯ ಗತಿ. 2022ರಲ್ಲಿ ಅದರ ಒಡೆಯರಾದ ಸ್ಟೋರಾ ಎನ್ಸೊ ಕಂಪನಿ, ನಾರ್ಥ್‌ವೋಲ್ಟ್ ಎಂಬ ಸ್ವೀಡನ್ನಿನ ಬ್ಯಾಟರಿ ಕಂಪನಿಯೊಡನೆ ಕರಾರು ಮಾಡಿಕೊಂಡಿತು. ಪತ್ರಿಕೆಗಳಲ್ಲೆಲ್ಲ ಸುದ್ದಿ. ಅದೇ ವರ್ಷ ಉಕ್ರೇನಿನ ಯುದ್ಧದಿಂದ ರಷ್ಯದ ಮರ ಬರುವುದು ನಿಂತಿತು, ಮರ ದುಬಾರಿಯಾಯಿತು. ಗಿರಣಿಗೆ ಲಾಭವಿಲ್ಲವೆಂದು 2023ರಲ್ಲಿ ಬಾಗಿಲು ಹಾಕಿದರು. ಸುಮಾರು 250 ಜನರ ಕೆಲಸಕ್ಕೆ ಕುತ್ತು ಬಂತು. ತಿರುಳು ನಿಂತ ಮೇಲೆ ಕರಿ ದ್ರವವೆಲ್ಲಿ? 2025ರ ಮಾರ್ಚಿಯಲ್ಲಿ ನಾರ್ಥ್‌ವೋಲ್ಟ್ ಕೂಡ ಸ್ವೀಡನ್ನಿನಲ್ಲಿ ದಿವಾಳಿ ಅರ್ಜಿ ಹಾಕಿತು.

ವಿದ್ಯೆಯಲ್ಲಿ ತಪ್ಪಿರಲಿಲ್ಲ, ಸಂಗಾತಿಗಳೇ. ಆ ಇಂಗಾಲವನ್ನು ಮಾಡಬಲ್ಲ ಕೈಗಳೂ ಅಲ್ಲೇ ಇದ್ದವು. ಬಾಗಿಲು ಹಾಕುವ ತೀರ್ಮಾನ ಮಾತ್ರ ಆ ಕೈಗಳದಾಗಿರಲಿಲ್ಲ. ಆಲ್ಟೊ ಕಟ್ಟಿಸಿದ ಮನೆಗಳು ಇಂದಿಗೂ ಗಿರಣಿಯ ಪಕ್ಕದಲ್ಲೇ ನಿಂತಿವೆ.