ದೀಕ್ಷಾಸ್ನಾನದ ಮರುದಿನದಿಂದ: ಪಂಡಿತಾ ರಮಾಬಾಯಿಯವರ ವಿಶ್ವಾಸ



ನಮ್ಮ ಕ್ರೈಸ್ತ ಸಭೆಗಳಲ್ಲಿ ಸಾಕ್ಷಿ ಹೇಳುವ ರೂಢಿಯೊಂದಿದೆ. ಪ್ರಾರ್ಥನಾ ಕೂಟದಲ್ಲಿ ಒಬ್ಬರು ಎದ್ದು ನಿಂತು ತಾವು ಮೊದಲು ಹೇಗಿದ್ದೆವು, ದೇವರು ತಮ್ಮನ್ನು ಎಲ್ಲಿ ಹಿಡಿದು ನಿಲ್ಲಿಸಿದ, ಈಗ ಹೇಗಿದ್ದೇವೆ ಎಂದು ಹೇಳಿಕೊಳ್ಳುತ್ತಾರೆ. ಕಣ್ಣು ಒದ್ದೆ ಮಾಡುವ ಸಾಕ್ಷಿಗಳನ್ನು ನಾನು ಕೇಳಿದ್ದೇನೆ. ಆದರೆ ಬಹುಪಾಲು ಸಾಕ್ಷಿಗಳು ವಿಶ್ವಾಸ ಹುಟ್ಟಿದ ದಿನಕ್ಕೆ ಬಂದು ಮುಗಿದುಬಿಡುತ್ತವೆ. ಆಮೇಲೆ ಆ ಮನುಷ್ಯ ಹೇಗೆ ಬಾಳಿದ, ಪ್ರಾರ್ಥನೆ ಬಾಯಿಗೆ ಬಾರದ ದಿನಗಳಲ್ಲಿ ಏನು ಮಾಡಿದ, ಯಾವುದನ್ನು ಬಿಟ್ಟ, ಯಾವುದನ್ನು ಬಿಡಲಾರೆ ಎಂದ, ಇದೊಂದೂ ತಿಳಿಯುವುದಿಲ್ಲ. ಆ ಉಳಿದ ಭಾಗಕ್ಕಾಗಿಯೇ ನಾನು ಇವತ್ತು ಪಂಡಿತಾ ರಮಾಬಾಯಿಯವರನ್ನು ಆರಿಸಿಕೊಂಡಿದ್ದೇನೆ. ಅವರಿಗೆ ದೀಕ್ಷಾಸ್ನಾನವಾದದ್ದು 1883ರಲ್ಲಿ, ತೀರಿಕೊಂಡದ್ದು 1922ರಲ್ಲಿ. ನನ್ನ ಮಾತೆಲ್ಲ ಹೆಚ್ಚಾಗಿ ಈ ಎರಡು ವರ್ಷಗಳ ನಡುವಿನದು.

ಆದರೂ ಮೊದಲು ಗಂಗಾಮೂಲಕ್ಕೆ ಹೋಗಿ ಬರಬೇಕು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಆ ಕುದುರೆಮುಖದ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು, ಚಿತ್ಪಾವನ ಬ್ರಾಹ್ಮಣರು. ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಊರಿನವರ ವಿರೋಧ ಕಟ್ಟಿಕೊಂಡವರು ಅವರು. ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು, ಹೆಂಗಸರು ಸಂಸ್ಕೃತ ಓದುವುದು ಶಾಸ್ತ್ರವಿರೋಧವಲ್ಲ ಎಂದು ಗ್ರಂಥಾಧಾರ ಸಮೇತ ವಾದಿಸಿದರು. ಆಮೇಲೆ ಕಾಡಿನಲ್ಲಿ ಮನೆ ಕಟ್ಟಿ, ಹೆಂಡತಿ ಲಕ್ಷ್ಮೀಬಾಯಿಗೆ ಪಾಠ ಮುಂದುವರಿಸಿದರು. ಕೈಯಲ್ಲಿದ್ದ ಹಣ ಕರಗಿ, ಕುಟುಂಬ ತೀರ್ಥಯಾತ್ರೆಗೆ ಹೊರಟಾಗ ರಮಾಬಾಯಿಗೆ ಆರು ತಿಂಗಳು. ಬೆತ್ತದ ಪೆಟ್ಟಿಗೆಯೊಂದರಲ್ಲಿ ಮಗುವನ್ನು ಮಲಗಿಸಿ, ಆಳೊಬ್ಬನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಿದರಂತೆ. ಮುಂದೆ ಆ ಮಗುವಿಗೆ ಸಂಸ್ಕೃತ ಕಲಿಸಿದವರು ತಾಯಿ, ಊರೂರು ಅಲೆಯುತ್ತಲೇ.

ಪುರಾಣ ಓದಿ, ಕೇಳಿದವರು ಕೊಟ್ಟದ್ದರಲ್ಲಿ ಬದುಕುತ್ತಿದ್ದ ಕುಟುಂಬ ಅದು. 1870ರ ದಶಕದ ಬರಗಾಲದಲ್ಲಿ ಕೊಡುವವರೇ ಇಲ್ಲವಾದರು. ಕೂಲಿ ಮಾಡಲು ಬಾರದು, ಬೇಡಲು ಮನಸ್ಸು ಬಾರದು. 1874ರಲ್ಲಿ ತಂದೆ ತಾಯಿ ಇಬ್ಬರೂ ಹೋದರು, ಅಕ್ಕನೂ ಉಳಿಯಲಿಲ್ಲ. ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ ಸಾವಿರಾರು ಮೈಲಿ ನಡೆದರು. ಹೇಳಿದ ವ್ರತಗಳನ್ನೆಲ್ಲ ಮಾಡಿದ್ದೆವು, ಇದ್ದುದನ್ನೆಲ್ಲ ದಾನ ಕೊಟ್ಟಿದ್ದೆವು, ಆದರೂ ದೇವರು ಯಾಕೆ ಮಾತಾಡಲಿಲ್ಲ ಎಂಬ ಪ್ರಶ್ನೆ ಅವರೊಳಗೆ ಹುಟ್ಟಿದ್ದು ಆ ದಾರಿಯಲ್ಲಿ. ಗಮನಿಸಿ, ಅವರ ಸಂದೇಹಕ್ಕೆ ಪಾದ್ರಿಗಳು ಕಾರಣರಲ್ಲ, ಪುಸ್ತಕವೂ ಕಾರಣವಲ್ಲ. ಹಸಿವು ಕಾರಣ. ಮುಂದೆ ಕ್ರೈಸ್ತರಾದ ಮೇಲೂ ಅವರು ಧರ್ಮವನ್ನು ಇದೇ ಕಡೆಯಿಂದ ನೋಡಿದರು ಎಂದು ನನಗೆ ತೋರುತ್ತದೆ. ಹಸಿದವರಿಗೆ, ಗತಿಯಿಲ್ಲದ ಹೆಣ್ಣಿಗೆ ಇದರಿಂದ ಏನಾಯಿತು ಎಂದು ಕೇಳದೆ ಅವರು ಯಾವ ಸಿದ್ಧಾಂತವನ್ನೂ ಒಪ್ಪಿದವರಲ್ಲ.

1878ರಲ್ಲಿ ಕಲ್ಕತ್ತಾ ತಲುಪಿದಾಗ ಅಲ್ಲಿಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂದು ಬಿರುದು ಕೊಟ್ಟರು. ಅಣ್ಣ ತೀರಿಕೊಂಡ. ಜಾತಿಯ ಗೋಡೆ ದಾಟಿ ಬಿಪಿನ್ ಬಿಹಾರಿ ಮೇಧ್ವಿ ಎಂಬ ವಕೀಲರನ್ನು ಮದುವೆಯಾದರು. ಸಿಲ್ಚಾರ್‌ನ ಮನೆಯಲ್ಲಿ ಒಂದು ದಿನ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಅವರ ಕೈಗೆ ಸಿಕ್ಕಿತು. 1882ರಲ್ಲಿ ಗಂಡನೂ ಹೋದರು. ಮಗಳು ಮನೋರಮೆ ಕೈಗೂಸು. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು, ‘ಸ್ತ್ರೀಧರ್ಮನೀತಿ’ ಬರೆದರು. ಮರುವರ್ಷ ವೈದ್ಯ ಶಿಕ್ಷಣದ ಆಸೆಯಿಂದ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾಗುತ್ತಿದ್ದುದರಿಂದ ಆ ಆಸೆ ಕೈಗೂಡಲಿಲ್ಲ.

ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಕನ್ಯಾಮಠದಲ್ಲಿ ಅವರು ಇಳಿದುಕೊಂಡಿದ್ದರು. ಆ ಕನ್ಯಾಸ್ತ್ರೀಯರು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಒಂದು ಆಶ್ರಯಮನೆ ನಡೆಸುತ್ತಿದ್ದರು. ಊರು ‘ಕೆಟ್ಟವಳು’ ಎಂದು ತಳ್ಳಿದ ಹೆಂಗಸರಿಗೆ ಅಲ್ಲಿ ಹಾಸಿಗೆಯಿತ್ತು, ಕೆಲಸವಿತ್ತು, ಹೆಸರು ಹಿಡಿದು ಕರೆಯುವವರಿದ್ದರು. ಇದನ್ನು ನೋಡಿದ ರಮಾಬಾಯಿ, ಹೀಗೆ ಮಾಡಲು ನಿಮಗೆ ಯಾರು ಹೇಳಿಕೊಟ್ಟರು ಎಂದು ಕೇಳಿದರು. ಅಲ್ಲಿದ್ದ ಕನ್ಯಾಸ್ತ್ರೀಯೊಬ್ಬರು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು, ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಪ್ರಸಂಗವನ್ನು ಓದಿ ತೋರಿಸಿದರು. ರಮಾಬಾಯಿಯವರ ಮನಸ್ಸು ಅಲ್ಲಿ ತಿರುಗಿತು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳು ಇಬ್ಬರಿಗೂ ದೀಕ್ಷಾಸ್ನಾನವಾಯಿತು. ಜೊತೆಗೆ ಬಂದಿದ್ದ ಗೆಳತಿ ಆನಂದಿಬಾಯಿ ಭಗತ್ ಅದಕ್ಕೆ ಸ್ವಲ್ಪ ದಿನ ಮೊದಲು ಅಲ್ಲಿಯೇ ಆತ್ಮಹತ್ಯೆ ಮಾಡಿಕೊಂಡಿದ್ದರು. ಆ ಸಂಕಟವೂ ಆ ದಿನದೊಳಗೆ ಇತ್ತೆಂಬುದನ್ನು ಮರೆಯಬಾರದು. ಅದು ಬರಿಯ ಸಂತೋಷದ ದಿನವಾಗಿರಲಿಲ್ಲ.

ಸಾಮಾನ್ಯ ಸಾಕ್ಷಿ ಮುಗಿಯುವ ಜಾಗ ಇದೇ. ರಮಾಬಾಯಿಯವರ ಜಗಳ ಶುರುವಾಗುವ ಜಾಗವೂ ಇದೇ.

ಅವರ ಆತ್ಮಿಕ ತಾಯಿಯ ಸ್ಥಾನದಲ್ಲಿದ್ದವರು ಸಿಸ್ಟರ್ ಜೆರಾಲ್ಡಿನ್. ಇಬ್ಬರ ನಡುವಿನ ಪತ್ರಗಳು ಉಳಿದಿವೆ, ಅಚ್ಚೂ ಆಗಿವೆ. ನನ್ನ ಮಟ್ಟಿಗೆ ಭಾರತೀಯ ಕ್ರೈಸ್ತರೆಲ್ಲ ಓದಬೇಕಾದ ಪತ್ರಗಳು ಅವು. ತ್ರಯೈಕತ್ವದ ಬೋಧನೆ ಸತ್ಯವೇದದಲ್ಲಿ ಎಲ್ಲಿದೆ ತೋರಿಸಿ ಎಂದು ಈ ಹೊಸ ವಿಶ್ವಾಸಿ ಕೇಳುತ್ತಾರೆ. ಸಭೆ ಹೇಳಿತೆಂಬ ಒಂದೇ ಕಾರಣಕ್ಕೆ ವಿಶ್ವಾಸಪ್ರಮಾಣವನ್ನು ಒಪ್ಪಲಾರೆ ಎನ್ನುತ್ತಾರೆ. ಪುರೋಹಿತರ ನೊಗವನ್ನು ಇಷ್ಟು ಕಷ್ಟಪಟ್ಟು ಈಗಷ್ಟೇ ಇಳಿಸಿದ್ದೇನೆ, ಅಂಥದೇ ಇನ್ನೊಂದಕ್ಕೆ ಕುತ್ತಿಗೆ ಕೊಡುವುದಿಲ್ಲ ಎಂಬರ್ಥದ ಮಾತನ್ನೂ ಬರೆದಿದ್ದಾರೆ. ಜೆರಾಲ್ಡಿನ್ ಅವರಿಗೆ ಇದು ಅಹಂಕಾರವಾಗಿ ಕಂಡಿತು. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಮಾತ್ರ ಪ್ರಶ್ನೆಗಳನ್ನು ತಾಳ್ಮೆಯಿಂದ ಕೇಳಿ, ಸಮಾನಳೆಂದು ತಿಳಿದು ಉತ್ತರಿಸಿದರು.

ಈ ಪತ್ರಗಳಲ್ಲಿ ನನ್ನನ್ನು ಹೆಚ್ಚು ತಟ್ಟುವುದು ದೇವತಾಶಾಸ್ತ್ರದ ವಾದಕ್ಕಿಂತ ಊಟದ ವಿಷಯ. ರಮಾಬಾಯಿ ಮಾಂಸ ಮುಟ್ಟುತ್ತಿರಲಿಲ್ಲ. ಜಾತಿಯ ಹಮ್ಮು ಇನ್ನೂ ಬಿಟ್ಟಿಲ್ಲ ಎಂದು ಮಠದವರ ಆಕ್ಷೇಪ. ಇಂಗ್ಲಿಷ್ ಹೆಂಗಸೊಬ್ಬಳು ಹಿಂದೂಗಳ ನಡುವೆ ಬಂದಿದ್ದು, ತನ್ನ ಊಟದ ಪದ್ಧತಿ ಬಿಡದಿದ್ದರೆ ಅವಳನ್ನು ಹಮ್ಮಿನವಳು ಎನ್ನುತ್ತೀರಾ ಎಂದು ಇವರು ಮರುಪ್ರಶ್ನೆ ಹಾಕಿದರು. ಕೊನೆಯವರೆಗೂ ಸಸ್ಯಾಹಾರಿಯಾಗಿಯೇ ಉಳಿದರು. ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಬರಹ ಇರಬೇಕೆಂದಾಗ, ಅದನ್ನು ನನ್ನ ದೇಶದಲ್ಲಿ ಯಾರು ಓದುತ್ತಾರೆ, ಸಂಸ್ಕೃತದಲ್ಲಿರಲಿ ಎಂದರು. ಗಂಡು ವಿದ್ಯಾರ್ಥಿಗಳಿಗೆ ಅವರು ಪಾಠ ಹೇಳುವುದು ಸರಿಯಲ್ಲ, ಭಾರತದಲ್ಲಿ ಹೆಸರು ಕೆಡುತ್ತದೆ ಎಂದು ಭಾರತದಲ್ಲಿದ್ದ ಬಿಷಪ್ಪರು ತಡೆದರು. ಉಡುಪಿಯ ಸಭೆಯಲ್ಲಿ ಅಪ್ಪ ಎದುರಿಸಿದ ಪ್ರಶ್ನೆಯನ್ನು ಮಗಳು ಇಂಗ್ಲೆಂಡಿನಲ್ಲಿ, ಕ್ರೈಸ್ತರ ಬಾಯಿಂದಲೇ ಕೇಳಬೇಕಾಯಿತು. ತಲೆ ತಗ್ಗಿಸಲಿಲ್ಲ. ಸಭೆಯನ್ನು ಬಿಟ್ಟೂ ಹೋಗಲಿಲ್ಲ. ಬಿಡುವುದು ಸುಲಭವಿತ್ತು, ಸುಮ್ಮನಿರುವುದೂ ಸುಲಭವಿತ್ತು. ಇಂಥವರನ್ನು ಕಂಡಾಗಲೇ ವಿಶ್ವಾಸ ಎಂಬುದರ ಮೇಲೆ ನನಗೆ ಭರವಸೆ ಬರುತ್ತದೆ.

ಇತ್ತ ಪುಣೆಯಲ್ಲಿ ಅವರನ್ನು ದ್ರೋಹಿ ಎಂದವರೇ ಹೆಚ್ಚು. ಜೋತಿರಾವ್ ಫುಲೆ ಅವರ ಪರವಾಗಿ ಬರೆದರು. ರಮಾಬಾಯಿ ಅಮೆರಿಕಕ್ಕೆ ಹೋಗಿ 1887ರಲ್ಲಿ ಮೇಲ್ಜಾತಿಯ ಹಿಂದೂ ಹೆಣ್ಣಿನ ಪಾಡನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿ, ಹಣ ಕೂಡಿಸಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ತಲೆ ಬೋಳಿಸಿಕೊಂಡು ಮೂಲೆ ಸೇರಿದ್ದ ಹುಡುಗಿಯರು ಅಲ್ಲಿ ಓದು ಕಲಿತರು. ಅವರಲ್ಲೊಬ್ಬಳು ಗೋದೂಬಾಯಿ. ಅವಳನ್ನೇ ಮುಂದೆ ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆ ಮದುವೆಯಾದರು. ಸದನದಲ್ಲಿ ಧರ್ಮಬೋಧನೆ ಇಲ್ಲ ಎಂಬುದು ಕರಾರು. ಹುಡುಗಿಯರು ತಮ್ಮ ಪೂಜೆ, ಮಡಿಯೂಟ ನಡೆಸಿಕೊಳ್ಳಬಹುದಿತ್ತು. ಆದರೆ ರಮಾಬಾಯಿ ಮಗಳೊಂದಿಗೆ ಪ್ರಾರ್ಥನೆಗೆ ಕುಳಿತಾಗ ಕೋಣೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ‘ಕೇಸರಿ’ ಪತ್ರಿಕೆಯಲ್ಲಿ ತಿಲಕರ ಟೀಕೆ ಬಂತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೇ ಸಲಹಾ ಮಂಡಳಿಯಿಂದ ಹೊರಬಂದರು. ಪೋಷಕರು ಹುಡುಗಿಯರನ್ನು ಕರೆದೊಯ್ದರು.

ಆ ಗಲಾಟೆಗೆ ಮೊದಲೇ ಅವರೊಳಗೆ ಇನ್ನೊಂದು ಬದಲಾವಣೆ ಆಗಿತ್ತು. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷ ಕಳೆದ ಮೇಲೆ, ತನಗೆ ಕ್ರೈಸ್ತ ಧರ್ಮ ಸಿಕ್ಕಿದೆ, ಕ್ರಿಸ್ತನು ಇನ್ನೂ ಸಿಕ್ಕಿಲ್ಲ ಎಂದು ಅವರಿಗೆ ಅನ್ನಿಸಿತು. ಇದನ್ನು ಅವರೇ ತಮ್ಮ ‘ಸಾಕ್ಷಿ’ಯಲ್ಲಿ, 1907ರಲ್ಲಿ, ಬರೆದಿಟ್ಟಿದ್ದಾರೆ. ಎಷ್ಟೋ ಭಾಷಣ ಮಾಡಿ, ಪುಸ್ತಕ ಬರೆದು, ಸಂಸ್ಥೆ ಕಟ್ಟಿ ಹೆಸರು ಗಳಿಸಿದವರು ಹೀಗೆ ಹೇಳಿಕೊಳ್ಳುವುದು ಸಣ್ಣ ಮಾತಲ್ಲ.

1896–97ರಲ್ಲಿ ಮಧ್ಯಪ್ರಾಂತಕ್ಕೆ ಬರ ಬಿತ್ತು. ರಮಾಬಾಯಿ ಸ್ವತಃ ಅಲ್ಲಿಗೆ ಹೋದರು. ಹಸಿವು ಅವರಿಗೆ ಓದಿ ತಿಳಿದ ಸಂಗತಿಯಲ್ಲವಷ್ಟೆ. ಎಲುಬಿನ ಗೂಡಾಗಿದ್ದ ಹುಡುಗಿಯರನ್ನು ಗುಂಪುಗುಂಪಾಗಿ ಕರೆತಂದು ಪುಣೆ ಹತ್ತಿರದ ಕೇಡಗಾಂವ್‌ನ ಹೊಲದಲ್ಲಿ ನೆಲೆ ಕೊಟ್ಟರು. ಅದೇ ‘ಮುಕ್ತಿ’ ಎಂಬ ಸಂಸ್ಥೆ. 1900ರ ಗುಜರಾತ್ ಬರದ ನಂತರ ಅಲ್ಲಿದ್ದವರು 1,500ಕ್ಕೂ ಹೆಚ್ಚು. ಇಷ್ಟು ಜನಕ್ಕೆ ದಿನಾ ಅನ್ನ ಬೇಯಬೇಕು, ನೀರು ಸೇದಬೇಕು. ಬಾವಿ ತೋಡಿಸಿದರು, ಬೇಸಾಯಕ್ಕೆ ಇಳಿದರು, ಮಗ್ಗ ಹಾಕಿದರು, ಮುದ್ರಣಾಲಯ ತಂದರು. ಅತ್ಯಾಚಾರಕ್ಕೆ ಒಳಗಾಗಿ ಬೀದಿಗೆ ಬಿದ್ದವರಿಗಾಗಿ ಕೃಪಾ ಸದನ ಬಂತು. ಫುಲ್‌ಹ್ಯಾಮ್‌ನಲ್ಲಿ ಕಂಡದ್ದನ್ನು ಅವರು ಮರೆತಿರಲಿಲ್ಲ. ಕುರುಡರಿಗೆ ಬೇರೆ ಮನೆ, ಅಲ್ಲಿ ಮನೋರಮೆ ಬ್ರೈಲ್ ಕಲಿಸಿದರು. ಪತ್ರಗಳಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ರಮಾಬಾಯಿಗೆ ಉತ್ತರ ಸಿಕ್ಕಿತೆಂದು ನಾನು ನಂಬುವುದಿಲ್ಲ. ಬೆಳಗಾದರೆ ಇಷ್ಟು ಬಾಯಿ ಕಾಯುತ್ತಿರುವಾಗ ಉತ್ತರಕ್ಕಾಗಿ ಕಾಯದೆಯೂ ವಿಶ್ವಾಸದಲ್ಲಿ ನಡೆಯಬಹುದೆಂದು ಅವರು ಕಂಡುಕೊಂಡರು.

ಇಲ್ಲಿ ನನ್ನದೊಂದು ಭಿನ್ನಾಭಿಪ್ರಾಯವನ್ನೂ ಹೇಳಬೇಕು. ಶಾರದಾ ಸದನದಲ್ಲಿ ಪೂಜೆ ಮಾಡಿಕೊಳ್ಳುವ ಹುಡುಗಿಗೂ ಜಾಗವಿತ್ತು. ಮುಕ್ತಿಯಲ್ಲಿ ಆ ಬಗೆಯ ಜಾಗ ಉಳಿಯಲಿಲ್ಲ. ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ದೀಕ್ಷಾಸ್ನಾನಗಳು ನಡೆದವು, 1905ರಲ್ಲಿ ಉಜ್ಜೀವನದ ಅಲೆಯೆದ್ದು ಹುಡುಗಿಯರು ಅಳುತ್ತ, ಗಟ್ಟಿಯಾಗಿ ಕೂಗುತ್ತ ದಿನವಿಡೀ ಪ್ರಾರ್ಥಿಸಿದರು. ಬರದಿಂದ ಪಾರಾಗಿ ಬಂದ, ಹಿಂದಿರುಗಲು ಮನೆಯೇ ಇಲ್ಲದ ಮಗು ತನ್ನನ್ನು ಸಾಕಿದವರ ಧರ್ಮವನ್ನು ಒಪ್ಪಿಕೊಂಡಾಗ, ಆ ಒಪ್ಪಿಗೆಯಲ್ಲಿ ಆಯ್ಕೆಯ ಪಾಲೆಷ್ಟು? ಆತ್ಮಸಾಕ್ಷಿಯ ಸ್ವಾತಂತ್ರ್ಯಕ್ಕಾಗಿ ವಾಂಟೇಜಿನಲ್ಲಿ ಅಷ್ಟು ಬಲವಾಗಿ ವಾದಿಸಿದವರಿಂದ ಈ ಪ್ರಶ್ನೆಗೆ ಇನ್ನೂ ಹೆಚ್ಚಿನ ಎಚ್ಚರವನ್ನು ನಾನು ನಿರೀಕ್ಷಿಸುತ್ತೇನೆ. ಆ ಮಕ್ಕಳು ಬದುಕಿ ಉಳಿದದ್ದೇ ಅವರಿಂದ ಎಂಬುದೂ ಅಷ್ಟೇ ನಿಜ. ಕ್ರೈಸ್ತನಾಗಿ ನಾನು ಈ ಎರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲಾರೆ.

ಕೊನೆಯ ವರ್ಷಗಳ ದೊಡ್ಡ ಕೆಲಸ ಸತ್ಯವೇದದ ಮರಾಠಿ ಅನುವಾದ. ಆಗ ಇದ್ದ ಅನುವಾದ ಹಳ್ಳಿಯ ಹೆಂಗಸರಿಗೆ ಅರ್ಥವಾಗುವಂತಿರಲಿಲ್ಲ. ಭಾಗವತವನ್ನು ಬಾಯಿಪಾಠ ಮಾಡಿದ್ದ ಈ ಸಂಸ್ಕೃತ ಪಂಡಿತೆ ಸಂಸ್ಕೃತದ ಭಾರವನ್ನು ಇಳಿಸಲು ಕುಳಿತರು. ಅದಕ್ಕಾಗಿ ಹೀಬ್ರೂ, ಗ್ರೀಕ್ ಕಲಿತರು. ಅಚ್ಚಿನ ಮೊಳೆ ಜೋಡಿಸಿದವರು, ಅಚ್ಚು ಹಾಕಿದವರು ಮುಕ್ತಿಯ ಹೆಂಗಸರು. ಕಿವಿ ಪೂರ್ತಿ ಮಂದವಾಗಿತ್ತು, ಕರಡು ತಿದ್ದಲು ಕಣ್ಣಿತ್ತು.

ನಮ್ಮ ನಾಡಿಗೂ ಮುಕ್ತಿಯ ಕೆಲಸದ ಒಂದು ಟಿಸಿಲು ಬಂತು. 1910ರ ದಶಕದಲ್ಲಿ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗಾದಲ್ಲಿ, ಹೆಣ್ಣುಮಕ್ಕಳ ಶಾಲೆಯೊಂದನ್ನು ತಾಯಿ ಮಗಳು ಕೂಡಿ ಆರಂಭಿಸಿದರು. ಮನೋರಮೆಯೇ ಅದರ ಹೊಣೆ ಹೊತ್ತರು. ಮುಕ್ತಿಯನ್ನೂ ಅವರೇ ಮುಂದುವರಿಸುತ್ತಾರೆಂದು ಎಲ್ಲರೂ ತಿಳಿದಿದ್ದರು. 1921ರಲ್ಲಿ ಮನೋರಮೆ ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳುಹಿಸಿಕೊಟ್ಟಿದ್ದ ರಮಾಬಾಯಿ ಮಗಳನ್ನೂ ಕಳುಹಿಸಿಕೊಟ್ಟು ಮತ್ತೆ ಕರಡಿನ ಮುಂದೆ ಕುಳಿತರು. 1922ರ ಏಪ್ರಿಲ್ 5ರಂದು ಅವರು ನಿಧನರಾದರು. ಇಡೀ ಗ್ರಂಥ ಅಚ್ಚಾಗಿ ಹೊರಬಂದದ್ದು ಆಮೇಲೆ.

ಕೇಡಗಾಂವ್‌ನ ಮುಕ್ತಿ ಈಗಲೂ ಹೆಂಗಸರಿಗೆ, ಮಕ್ಕಳಿಗೆ ಆಶ್ರಯ ಕೊಡುತ್ತಿದೆ. ಮತಾಂತರದ ಬಗ್ಗೆ ನಾನು ಎತ್ತಿದ ಮಾತಿಗೆ ನಿಮ್ಮಲ್ಲಿ ಹಲವರು ಒಪ್ಪದಿರಬಹುದು, ಎರಡೂ ಕಡೆಯಿಂದ. ಉಳಿದ ಸಮಯವನ್ನು ಅದಕ್ಕೇ ಬಿಟ್ಟಿದ್ದೇನೆ. ಕೇಳಿ.