ಮೇಜಿನ ಮಾತು



ನಮ್ಮ ಕಂದಲಗಾಂವದ ಕಡೆಯ ರೈತರಿಗೆ ಕಚೇರಿಯೆಂದೊಡನೆ ನೆನಪಾಗುವುದು ಸಾತಬಾರಾ ಉತಾರ. ಏಳನೆಯ ನಮೂನೆಯಲ್ಲಿ ಹೊಲದ ಒಡೆತನ, ಹನ್ನೆರಡನೆಯದರಲ್ಲಿ ಬೆಳೆ. 1950ರ ಕಾಯಿದೆಯಿಂದ ಕುಲಕರ್ಣಿ ವತನ ರದ್ದಾದ ಬಳಿಕ ಊರಿನ ದಫ್ತರವು ತಲಾಠಿಯವರ ಮೇಜಿಗೆ ಬಂದಿತು. ಈಗ ಗಣಕಯಂತ್ರವನ್ನೂ ಸೇರಿದೆ. ಕನ್ನಡವನ್ನಷ್ಟೇ ಬಲ್ಲ ಮುದುಕನು ಮರಾಠಿಯ ಆ ಉತಾರವನ್ನು ಓದಲಾರನು. ಆದರೆ ಮೇಜನ್ನು ಓದಬಲ್ಲನು.

ನಾವು ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದಾಗ ನಮ್ಮ ಮೇಜು ಸಂತೆ ಮುಗಿದ ಬಯಲಿನಂತಿತ್ತು. ಕಾಗದಗಳ ಮೇಲೆ ಚಹದ ಬಟ್ಟಲು, ಅದರ ಮೇಲೆ ಮತ್ತೆ ಕಾಗದ! ಹಿರಿಯರೊಬ್ಬರು ಅರ್ಜಿ ಕೊಡಲು ಬಂದವರು ಅದನ್ನೆಲ್ಲ ದಿಟ್ಟಿಸಿ ನೋಡಿ, “ಇಲ್ಲಿ ಇಟ್ರ ಕಳೀತೈತ್ರಿ ಸಾಹೇಬ್ರ, ನನ್ನ ಹತ್ರಾನ ಇರ್ಲಿ” ಎಂದು ಮಡಚಿ ಕಿಸೆಗೆ ಸೇರಿಸಿ ಹೊರಟುಹೋದರು. ಅವರ ಒಂದು ದಿನದ ಕೂಲಿ ನಮ್ಮಿಂದ ಹಾಳಾಯಿತು.

ಮೇಜು ಬರಿದಾಗಿರಬೇಕೆಂದಲ್ಲ. ಒಂದು ಚೂರೂ ಕಾಗದವಿಲ್ಲದ ಮೇಜನ್ನು ಕಂಡರೆ ನಮಗೆ ಬೇರೆಯೇ ಸಂಶಯ! ಮಿತವಾದ ಸಾಮಾನಿನ ಗಾಂಧೀಜಿಯವರೂ ಮೂರು ಮಂಗಗಳ ಪುಟ್ಟ ಬೊಂಬೆಯನ್ನು ಇಟ್ಟುಕೊಂಡಿದ್ದರು.

ಮರುದಿನದಿಂದ ನಾವು ಪ್ರತಿಯೊಂದು ಅರ್ಜಿಯನ್ನೂ ಕೊಟ್ಟವರ ಕಣ್ಣೆದುರೇ ಸಿಕ್ಕಾ ಒತ್ತಿ ಫೈಲಿಗೆ ಸೇರಿಸತೊಡಗಿದೆವು. ಆ ಹಿರಿಯರು ಮರಳಿ ಬಂದದ್ದು ಎಂಟು ದಿನಗಳ ಮೇಲೆ. ನಮಸ್ಕಾರಕ್ಕೂ ಮೊದಲು ಮೇಜನ್ನೇ ನೋಡಿದರು. ಆಮೇಲೆ ಕಿಸೆಗೆ ಕೈಹಾಕಿದರು.