ಕಾಯದ ಹತೋಟಿಯೂ ದೇಹದ ಪ್ರತಿಸ್ಪಂದನವೂ



ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಗುಪ್ತಿಯನ್ನೂ, ಹಸಿವು ಬಾಯಾರಿಕೆ ಮೊದಲಾದ 22 ಪರೀಷಹಗಳನ್ನೂ ನಿರೂಪಿಸುತ್ತದೆ. ಅಲ್ಲಿಯ ಉದ್ದೇಶ ಸಂವರ ಮತ್ತು ನಿರ್ಜರೆ, ದೇಹಾರೋಗ್ಯವಲ್ಲ. ಆದರೂ ಬಂದೊದಗಿದ ಬಾಧೆಯು ತನ್ನ ಅಂಕೆಯಲ್ಲಿದೆಯೆಂಬ ಭಾವವು ದೇಹದಲ್ಲಿ ಏನನ್ನು ಉಂಟುಮಾಡುತ್ತದೆಂಬುದನ್ನು ವಿಜ್ಞಾನಿಗಳೂ ಪರೀಕ್ಷಿಸಿದ್ದಾರೆ.

1970ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗೀರ್, ಡೇವಿಸನ್ ಮತ್ತು ಗ್ಯಾಚೆಲ್ ಅವರು ಇಂತಹ ಒಂದು ಪ್ರಯೋಗವನ್ನು ಪ್ರಕಟಿಸಿದರು. ಪಾಲ್ಗೊಂಡವರಿಗೆ ಮೊದಲು 6 ಸೆಕೆಂಡುಗಳ ವಿದ್ಯುದಾಘಾತ. ಆಘಾತವಾದೊಡನೆ ಅವರು ಒಂದು ಸ್ವಿಚ್ಚನ್ನು ಒತ್ತಬೇಕಾಗಿತ್ತು. ಬಳಿಕ ಅರ್ಧ ಮಂದಿಗೆ, ಬೇಗನೆ ಒತ್ತಿದರೆ ಆಘಾತದ ಅವಧಿ ಅರ್ಧಕ್ಕಿಳಿಯುವುದೆಂದು ತಿಳಿಸಲಾಯಿತು. ಉಳಿದವರಿಗೆ, ಇನ್ನು ಮುಂದೆ ಅವಧಿ ಕಡಿಮೆಯೆಂದಷ್ಟೇ ಹೇಳಲಾಯಿತು. ವಾಸ್ತವದಲ್ಲಿ ಎಲ್ಲರಿಗೂ ದೊರೆತದ್ದು 3 ಸೆಕೆಂಡುಗಳ ಆಘಾತವೇ. ಸ್ವಿಚ್ಚಿನ ವೇಗಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆದರೆ ಅದು ತಮ್ಮ ಕೈಯಲ್ಲಿದೆಯೆಂದು ನಂಬಿದವರ ಚರ್ಮದಲ್ಲಿ, ಬೆವರಿನ ಗ್ರಂಥಿಗಳ ಚಟುವಟಿಕೆಯಿಂದ ಅಳೆಯಲಾಗುವ ಉದ್ವೇಗವು ಇತರರಿಗಿಂತ ಕಡಿಮೆಯಾಗಿತ್ತು. ಹತೋಟಿಯಿರಲಿಲ್ಲ, ಹತೋಟಿಯ ನಂಬಿಕೆಯಷ್ಟೇ ಇತ್ತು. ಬೆವರು ಮಾತ್ರ ಆ ನಂಬಿಕೆಯನ್ನೇ ಅನುಸರಿಸಿತು. ಇದೇ ವಿಷಯವಾಗಿ ಮೂಕಪ್ರಾಣಿಗಳ ಮೇಲೂ ಪ್ರಯೋಗಗಳು ನಡೆದಿವೆ. ಬಸದಿಯ ಪ್ರಾಂಗಣದಲ್ಲಿ ಅವುಗಳ ವರ್ಣನೆ ಉಚಿತವಲ್ಲ.

ಸಂಕಲ್ಪ ಮಾಡಿ ಕೈಗೊಂಡ ಉಪವಾಸದ ಹಸಿವೂ, ಅಡುಗೆ ತಡವಾದ ದಿನದ ಹಸಿವೂ ಒಂದೇ ಅಲ್ಲವೆಂಬುದನ್ನು ಶ್ರಾವಕ ಶ್ರಾವಿಕೆಯರಿಗೆ ಪ್ರಯೋಗಶಾಲೆಯವರು ಬಂದು ತಿಳಿಸಬೇಕಾಗಿಲ್ಲ. ಎರಡನೆಯದರಲ್ಲಿ ಮಧ್ಯಾಹ್ನಕ್ಕೇ ಕೋಪ ಬರುತ್ತದೆ.

ಆದರೆ ಈ ಭಾವಕ್ಕೆ ಮಿತಿಯುಂಟು. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸ ಮಾಡಿದಾಗ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಮನೋದಾರ್ಢ್ಯವು ಅದನ್ನು ತಡೆಯಲಾರದು. ಅಂಥವರು ವ್ರತಕ್ಕೆ ಮುನ್ನ ವೈದ್ಯರನ್ನು ಕೇಳಲೇಬೇಕು. ಹಾಗೆಯೇ ಕಾಯಿಲೆ ಉಲ್ಬಣಿಸಿದಾಗ ರೋಗಿಗೆ ಮನೋಬಲ ಸಾಲದೆನ್ನುವುದು ನಿಷ್ಕರುಣೆಯ ಮಾತು.

ವೃದ್ಧರ ವಿಚಾರದಲ್ಲಂತೂ ನಮ್ಮ ಮನೆಗಳಲ್ಲಿ ಪ್ರೀತಿಯೇ ಅಡ್ಡಬರುತ್ತದೆ. ಅಜ್ಜನವರು ಏಳುವ ಮೊದಲೇ ಎಲ್ಲವನ್ನೂ ಬೇರೆಯವರು ನಿರ್ಣಯಿಸಿರುತ್ತಾರೆ. 1976ರಲ್ಲಿ ಲ್ಯಾಂಗರ್ ಮತ್ತು ರೋಡಿನ್ ಎಂಬ ಸಂಶೋಧಕಿಯರು ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಕೆಲವರಿಗೆ ತಮ್ಮ ಕೋಣೆಯ ವ್ಯವಸ್ಥೆಯನ್ನೂ ಒಂದು ಗಿಡದ ಪೋಷಣೆಯನ್ನೂ ವಹಿಸಿಕೊಟ್ಟರು. ಎಲ್ಲವನ್ನೂ ಸಿಬ್ಬಂದಿಯೇ ನೋಡಿಕೊಂಡವರಿಗಿಂತ ಇವರು ಹೆಚ್ಚು ಚುರುಕಾಗಿಯೂ ಪ್ರಸನ್ನರಾಗಿಯೂ ಕಂಡುಬಂದರು. ಸ್ನಾನ ಯಾವ ಹೊತ್ತಿಗೆ, ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ, ಸಂಜೆ ಯಾವ ಪುರಾಣದ ಪಾರಾಯಣ ಎಂಬಷ್ಟನ್ನಾದರೂ ಹಾಸಿಗೆ ಹಿಡಿದ ಹಿರಿಯರ ಇಚ್ಛೆಗೆ ಬಿಡಬಹುದು.